ಗಂಜ್ ಸ್ಪೋರ್ಟಿಂಗ್‌ನ ಯಜಮಾನರು

ಮಾನ್ವಿಯ ಫುಟ್‌ಬಾಲ್ ಮೈದಾನದಲ್ಲಿ ಅರ್ಧ ಆಟ ಮುಗಿದಾಗ ಗಂಜ್ ಸ್ಪೋರ್ಟಿಂಗ್ ಒಂದು ಗೋಲು ಹಿಂದಿತ್ತು. ಒಂದೇ ಗೋಲು, ಇನ್ನೂ ಅರ್ಧ ಆಟ ಬಾಕಿ, ಅಂಜುವಂಥದ್ದೇನೂ ಇರಲಿಲ್ಲ. ಆದರೂ ಮಲ್ಲೇಶ್ವರಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಆಟ ನಡೆಯುವಾಗ ಚೆಂಡು ಹೋದತ್ತ ಅವಳೂ ಸುಣ್ಣದ ಗೆರೆಯ ಗುಂಟ ಹೋಗುತ್ತಿದ್ದಳು. ಈಗ ಚೆಂಡು ನಿಂತಿತ್ತು, ಅವಳ ಕಾಲು ನಿಂತಿರಲಿಲ್ಲ.

"ಒಂದು ಗಳಿಗಿ ಕುಂದ್ರವ್ವಾ," ಎಂದ ಅವಳ ಅಪ್ಪ ಬೂದೆಪ್ಪ, ಪಕ್ಕದಲ್ಲಿ ಹಾಸಿದ ಟವೆಲ್ ತಟ್ಟಿ. "ನೀ ಓಡ್ಯಾಡಿದ್ರ ಗೋಲು ಬೀಳಂಗಿದ್ರ ಇಷ್ಟೊತ್ತಿಗೆ ಹತ್ತು ಬೀಳ್ತಿದ್ವು."

ಮಲ್ಲೇಶ್ವರಿ ರಾಯಚೂರು–ದೇವದುರ್ಗ ಬಸ್ಸಿನ ಕಂಡಕ್ಟರ್. ಆ ಭಾನುವಾರ ಜೊತೆಯವಳೊಬ್ಬಳನ್ನು ಕಾಡಿ ಬೇಡಿ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದಳು. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ಮಗಳು ಹಾಸ್ಟೆಲಿನಲ್ಲಿ ಪಿಯುಸಿ ಓದುವವಳು. ಮನೆಯಲ್ಲಿ ಇರುವುದು ಅವಳು, ಅವಳಪ್ಪ, ಮತ್ತು ಇಬ್ಬರ ನಡುವೆ ಈ ತಂಡ. ಬೂದೆಪ್ಪ ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ನಲವತ್ತು ವರ್ಷ ಚೀಲ ಹೊತ್ತ ಹಮಾಲ. ಅದೇ ಕೈಗಳಿಂದ ಹದಿನೆಂಟು ವರ್ಷ ತಂಡದ ಗೋಲು ಕಾದವನು.

ಬೇವಿನ ಮರದ ಕೆಳಗೆ ಬಿಳಿ ಕಾರು ನಿಂತಿತ್ತು. ತಂಡದ ಮಾಲೀಕ, ರೈಸ್ ಮಿಲ್ಲಿನ ಈರಯ್ಯ, ಒಳಗೆ ಕೂತೇ ಆಟ ನೋಡುತ್ತಿದ್ದ. ಅವನ ಮಿಲ್ಲಿನ ಮ್ಯಾನೇಜರ್ ಯಮನೂರಪ್ಪ ಬಂದು ಕೋಚ್ ಮಹಮ್ಮದ್ ಹುಸೇನರ ಕಿವಿಯಲ್ಲಿ ಏನೋ ಹೇಳಿದ. ಹುಡುಗರಿಗೆ ನಿಂಬೆ ನೀರು ಕೊಡುತ್ತಿದ್ದ ಹುಸೇನರು ಲೋಟ ಕೆಳಗಿಟ್ಟು ಕಾರಿನ ಹತ್ತಿರ ಹೋದರು. ಕಿಟಕಿಯ ಗಾಜು ಅರ್ಧ ಇಳಿಯಿತು. ಮಾತು ಒಂದು ನಿಮಿಷವೂ ನಡೆಯಲಿಲ್ಲ. ಗಾಜು ಮೇಲೇರಿತು. ಹುಸೇನರು ವಾಪಸು ಬಂದು, ಕುತ್ತಿಗೆಯ ಸೀಟಿ ತೆಗೆದು ಯಮನೂರಪ್ಪನ ಕೈಗಿಟ್ಟು, ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಇಪ್ಪತ್ತೆರಡು ವರ್ಷ ತಂಡ ಕಟ್ಟಿದ ಮನುಷ್ಯ.

ಎರಡನೇ ಅರ್ಧಕ್ಕೆ ಗೆರೆಯ ಬಳಿ ನಿಂತವನು ಯಮನೂರಪ್ಪ. ಅವನು ಮೊದಲು ಮಾಡಿದ ಕೆಲಸ, ಕಲ್ಲೂರಿನ ಕನಕರಾಯನನ್ನು ಹೊರಗೆ ಕರೆದದ್ದು. ಆ ವರ್ಷ ತಂಡ ಹೊಡೆದ ಗೋಲುಗಳಲ್ಲಿ ಅರ್ಧದಷ್ಟು ಕನಕರಾಯನವೇ. ಅವನ ಜಾಗಕ್ಕೆ ಮಾಲೀಕರು ಹೈದರಾಬಾದಿನಿಂದ ಕರೆಸಿದ ಹೊಸ ಆಟಗಾರ ಬಂದ. ಮಾನ್ವಿಯವರು ಮತ್ತೆರಡು ಗೋಲು ಹೊಡೆದರು. ಆಟ ಮುಗಿಯುವ ಮೊದಲೇ ಬಿಳಿ ಕಾರು ಹೊರಟುಹೋಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಮಲ್ಲೇಶ್ವರಿ ಕಲ್ಲೂರು ದಾಟುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಳು.

"ಕಾರಿನಾಗ ಕುಂತು ಕೋಚ್‌ನ ತೆಗಿತಾನ. ಇವಂಗೇನು ಆಟ ಗೊತ್ತದ?"

"ರೊಕ್ಕ ಹಾಕಿದವ ಮಾತಾಡ್ತಾನ," ಎಂದ ಬೂದೆಪ್ಪ. "ನಮ್ಮ ಕಾಲಕ್ಕ ಬರೀಗಾಲಿಲೆ ಆಡ್ತಿದ್ವಿ. ಸಿಂಧನೂರಿಗೆ ಹೋಗಬೇಕಾದ್ರ ಭತ್ತದ ಲಾರಿ ಮ್ಯಾಲ ಹೋಗ್ತಿದ್ವಿ. ಈಗ ಹುಡುಗ್ರಿಗೆ ಬೂಟು ಅದಾವು, ವ್ಯಾನ್ ಅದ. ಯಾರ ಎತ್ತಾದ್ರೇನು, ಹೊಲ ಊಳಿದ್ರ ಸಾಕು."

"ಹೊಲ ಯಾರದು ಅನ್ನೋದು ಮರೀಬಾರ್ದಲ್ಲ ಯಪ್ಪಾ."

"ಎರಡು ವರ್ಷ ಕಪ್ ಗೆದ್ದಾಗ ಹೊಲ ಯಾರದು ಅಂತ ನೀನೂ ಕೇಳ್ಲಿಲ್ಲ. ಹಳದಿ ಅಂಗಿ ತೊಟ್ಟು ಗಂಜಿನ ತುಂಬ ಕುಣಿದಿ."

ಆ ಮಾತು ಅವಳಿಗೆ ಚುಚ್ಚಿತು, ಯಾಕೆಂದರೆ ಅದು ನಿಜವಾಗಿತ್ತು.

ಗಂಜ್ ಸ್ಪೋರ್ಟಿಂಗ್ ಹುಟ್ಟಿದ್ದು ಹಮಾಲರ ಶೆಡ್ಡಿನಲ್ಲಿ. ಸಂಜೆ ಚೀಲ ಇಳಿಸಿ ಮುಗಿದ ಮೇಲೆ ಸ್ಟೇಷನ್ ಕಡೆಯ ಬಯಲಿನಲ್ಲಿ ರೈಲ್ವೆಯವರ ಜೊತೆ ಆಡುತ್ತ ಆಡುತ್ತ ತಂಡವಾಯಿತು. ಮೊದಲ ಅಂಗಿಗಳಿಗೆ ಗೋಣಿಯ ಬಣ್ಣ. ಊರಿನವರು 'ಗೋಣಿ ಟೀಮು' ಎಂದೇ ಕರೆದರು. ಆರು ವರ್ಷದ ಹಿಂದೆ ತಂಡ ಮುಳುಗುವಂತಾಗಿತ್ತು. ಹೊಸ ಚೆಂಡಿಗೂ ಗತಿ ಇರಲಿಲ್ಲ. ಆಗ ಈರಯ್ಯ ಮುಂದೆ ಬಂದ. ಬೂಟು, ವ್ಯಾನು, ಆಟಗಾರರಿಗೆ ಮಿಲ್ಲಿನಲ್ಲಿ ಕೆಲಸ, ಎಲ್ಲ ಕೊಟ್ಟ. ಜಿಲ್ಲಾ ಲೀಗಿನಲ್ಲಿ ಎರಡು ವರ್ಷ ಬಿಡದೆ ಗೆದ್ದರು. ಅದಕ್ಕೂ ಮೊದಲೇ, ಅವನು ಬಂದ ವರ್ಷವೇ, ಅಂಗಿ ಹಳದಿಯಾಗಿತ್ತು. ನಾಲ್ಕನೆಯ ವರ್ಷ ಅಂಗಿಯ ಎದೆಯ ಮೇಲೆ ಅವನ ಅಕ್ಕಿಯ ಹೆಸರು ಬಂತು. ಈ ವರ್ಷ ತಂಡದ ಹೆಸರೇ ಹೋಯಿತು. ಲೀಗಿನ ಪಟ್ಟಿಯಲ್ಲಿ ಈಗ ಅದು 'ಹಂಪಮ್ಮ ಎಫ್.ಸಿ.' ಹಂಪಮ್ಮ ಎಂದರೆ ಈರಯ್ಯನ ತಾಯಿ. ಅವನ ಅಕ್ಕಿ ಚೀಲದ ಮೇಲೂ ಅದೇ ಹೆಸರು.

ಮೊದಮೊದಲು ಮಲ್ಲೇಶ್ವರಿ ತಲೆ ಕೆಡಿಸಿಕೊಂಡಿರಲಿಲ್ಲ. ಗೆಲ್ಲುವಾಗ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಈ ವರ್ಷ ಸೋಲು ಶುರುವಾದ ಮೇಲೆ ಅವಳಿಗೆ ಒಂದೊಂದೇ ಕಾಣತೊಡಗಿದವು. ಸೋತ ಕೂಡಲೇ ಮಾಲೀಕ ಹೊಸಬನನ್ನು ತರುತ್ತಾನೆ, ಹೊಸಬನಿಗೆ ಹಳಬರ ಕಾಲಿನ ಹದ ಗೊತ್ತಿಲ್ಲ, ಮತ್ತೆ ಸೋಲುತ್ತಾರೆ, ಮತ್ತೊಬ್ಬ ಬರುತ್ತಾನೆ. ಫೋನಿನಲ್ಲಿ ಅವಳು ದೊಡ್ಡ ದೇಶಗಳ ಆಟವನ್ನೂ ನೋಡುತ್ತಿದ್ದಳು. ಅಲ್ಲಿಯೂ ಇದೇ ಕತೆ. ಎಲ್ಲಿಂದಲೋ ಬಂದ ಶ್ರೀಮಂತ ಊರಿನ ತಂಡ ಕೊಳ್ಳುತ್ತಾನೆ, ಬೇಜಾರಾದಾಗ ಮಾರುತ್ತಾನೆ, ಊರಿನವರು ಮಾತ್ರ ಅಲ್ಲೇ ಗೆರೆಯ ಪಕ್ಕ ನಿಂತಿರುತ್ತಾರೆ.

ಮರುದಿನ ಬೆಳಿಗ್ಗೆ ಅವಳ ಬಸ್ಸಿನಲ್ಲಿ ಇದೇ ಮಾತು. ಗಬ್ಬೂರಿನ ಒಬ್ಬ ಮೇಷ್ಟ್ರು, "ಏನ್ ಮೇಡಂ, ನಿಮ್ಮ ಟೀಮು ಮೂರು ತಿಂತಂತಲ್ಲ," ಎಂದು ಕೆಣಕಿದ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಅವಳಿಗೆ ಅಷ್ಟೇ ಸಾಕಾಯಿತು. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಟೀಮು ಅಂದ್ರ ಅಕ್ಕಿ ಚೀಲ ಅಲ್ರಿ, ಹೊಲಿಗಿ ಬಿಚ್ಚಿ ಬ್ಯಾರೆ ಹೆಸರು ಹಾಕಾಕ. ರೊಕ್ಕ ಅವರದು ಇರಬಹುದು. ಬೆವರು ಗಂಜಿನ ಮಂದೀದು. ಹಂಪಮ್ಮ ಯಾರ್ರಿ? ಒಂದು ಚೀಲ ಹೊತ್ತಾಳ, ಒಂದು ಚೆಂಡು ಒದ್ದಾಳ?"

ಹಿಂದಿನ ಸೀಟಿನಲ್ಲಿ ಯಾರೋ ಫೋನು ಎತ್ತಿ ಹಿಡಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊ ಗಂಜಿನ ಎಲ್ಲ ಫೋನುಗಳಲ್ಲಿತ್ತು. ಸಂಜೆ ಡಿಪೋದಲ್ಲಿ ಡ್ರೈವರುಗಳು ಅವಳನ್ನು ಕಂಡು 'ಅಕ್ಕಿ ಚೀಲ' ಎಂದು ನಕ್ಕರು. ಮಲ್ಲೇಶ್ವರಿಗೆ ಒಳಗೊಳಗೇ ಹಿಗ್ಗಾಯಿತು.

ಬುಧವಾರ ಬೆಳಗಿನ ಏಳೂಕಾಲರ ಬಸ್ಸಿಗೆ, ರಾಯಚೂರಿನಲ್ಲಿ, ಈರಯ್ಯ ಹತ್ತಿದ.

ಬಿಳಿ ಅಂಗಿ, ಬಿಳಿ ಧೋತರ, ಹಣೆಯ ತುಂಬ ವಿಭೂತಿ. ಬಸ್ಸಿನಲ್ಲಿದ್ದ ಮಾತು ತಾನಾಗಿ ನಿಂತಿತು. ಬಾಗಿಲ ಬಳಿಯ ಸೀಟಿನಲ್ಲಿದ್ದ ಇಬ್ಬರು ಎದ್ದು ಜಾಗ ಬಿಟ್ಟರು. ಅವನು ಕೂತು ನೋಟು ಚಾಚಿದ.

"ಒಂದು ದೇವದುರ್ಗ ಕೊಡವ್ವಾ."

ಅವಳು ಟಿಕೆಟ್ ಹರಿದು ಕೊಟ್ಟಳು.

"ಎಲ್ಲಾರಿಗೂ ಟಿಕೆಟ್ ಕೊಟ್ಟು ಬಾ. ಕೆಲಸ ಕೆಡಿಸಾಕ ಬಂದಿಲ್ಲ."

ಅವಳು ಬೇಕೆಂದೇ ನಿಧಾನ ಮಾಡಿದಳು. ಹೆಂಗಸರ ಆಧಾರ್ ಕಾರ್ಡುಗಳನ್ನು ಎರಡೆರಡು ಸಲ ನೋಡಿದಳು. ಕಲ್ಮಲ ದಾಟುವಾಗ ಟಿಕೆಟ್ ಕೊಡಬೇಕಾದವರು ಯಾರೂ ಉಳಿಯಲಿಲ್ಲ. ಬಂದು ಅವನ ಮುಂದೆ ನಿಂತಳು.

"ವಿಡಿಯೊ ನೋಡಿದೆ," ಎಂದ ಈರಯ್ಯ. "ಚಲೋ ಮಾತಾಡ್ತಿ. ನನಗ ಬೈದಿ, ಬೈ. ನಮ್ಮವ್ವನ ಮಾತು ಯಾಕ ಎತ್ತಿದಿ?"

ಅವಳು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನೇ ಮುಂದುವರಿಸಿದ:

"ನಮ್ಮಪ್ಪ ಸತ್ತಾಗ ನನಗ ಆರು ವರ್ಷ. ನಮ್ಮವ್ವ ಗಂಜಿನ ಗೇಟಿನ್ಯಾಗ ಬುಟ್ಟಿ ಇಟ್ಕೊಂಡು ಜ್ವಾಳದ ರೊಟ್ಟಿ ಮಾರ್ತಿದ್ಲು. ನಿಮ್ಮಪ್ಪಗ ಕೇಳು, ತಿಂದಾನೋ ಇಲ್ಲೋ. ಮಿಲ್ಲು ಆ ಬುಟ್ಟಿಯಿಂದ ಬಂದದ. ಚೀಲ ಹೊತ್ತಿಲ್ಲ ಅಂತಿ. ಬುಟ್ಟಿ ಹೊತ್ತಾಳ."

ಇದು ಅವಳಿಗೆ ಗೊತ್ತಿರಲಿಲ್ಲ.

"ಆ ಮಾತಿಗೆ ತಪ್ಪಾತ್ರಿ, ಸಾವ್ಕಾರ್ರ," ಎಂದಳು. "ಅದೊಂದು ಆಡಬಾರ್ದಿತ್ತು. ಉಳಿದಿದ್ದು ಹಂಗಽ ಇರ್ಲಿ."

ಈರಯ್ಯ ಅವಳನ್ನು ದಿಟ್ಟಿಸಿ ನೋಡಿದ. ಕಿಟಕಿಯಾಚೆ ಹತ್ತಿ ಹೊಲಗಳು ಓಡುತ್ತಿದ್ದವು.

"ಸಂಜಿಕ ರೊಟ್ಟಿ ಗಂಟು ಹೊತ್ಕೊಂಡು ನಾ ಬಯಲಿಗೆ ಬರ್ತಿದ್ದೆ. ನಿಮ್ಮಪ್ಪನ ಮಂದಿ ತಿಂತಿದ್ರು. ಚೆಂಡು ಹೊರಗ ಹೋದ್ರ, ಲೇ, ಒಗಿ ಇಲ್ಲಿ, ಅಂತಿದ್ರು. ಹತ್ತು ವರ್ಷ ಒಗದೀನಿ. ಬಾ, ಒಂದಿನ ಆಡು ಅಂತ ಒಬ್ರೂ ಕರೀಲಿಲ್ಲ."

"ನನ್ನೂ ಕರೀಲಿಲ್ರಿ," ಎಂದಳು ಮಲ್ಲೇಶ್ವರಿ. "ಗೋಲ್‌ಕೀಪರ್‌ನ ಮಗಳು ನಾನು. ಕೊಡ ತುಂಬ ನೀರು ಹೊತ್ತೀನಿ, ಅಷ್ಟಽ. ಹಂಗಂತ ನಾ ಟೀಮು ಕೊಂಡ್ಕೊಳ್ಳಿಲ್ಲ."

ಹಿಂದಿನ ಸೀಟಿನಲ್ಲಿ ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಈರಯ್ಯ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ.

"ಮತ್ತೇನು ಮಾಡಬೇಕಂತಿ ಹೇಳು."

"ಹುಸೇನ್ ಚಾಚಾನ ತಿರುಗಿ ಕರೀರಿ. ಹೆಸರು ತಿರುಗಿ ಕೊಡ್ರಿ. ಯಾರು ಆಡಬೇಕು ಅನ್ನೋದು ಕೋಚ್ ನೋಡ್ಲಿ. ನೀವು ಹೊರಗ ಬಂದು ನಮ್ಮ ಜೊತಿ ನಿಂದರ್ರಿ."

"ರೊಕ್ಕ ನಂದು, ಮಾತು ನಿಂದು."

"ರೊಕ್ಕ ನಿಮ್ದು ಅನ್ನೋದಕ್ಕ ಯಾರೂ ಇಲ್ಲ ಅನ್ನಂಗಿಲ್ಲ. ಟೀಮು ನಿಮ್ದು ಅಲ್ಲ."

ಗಬ್ಬೂರು ಬಂತು. ಈರಯ್ಯ ಎದ್ದು ನಿಂತ.

"ಹಂಗಾದ್ರ ನೀವಽ ನಡೆಸ್ರಿ. ಇವತ್ತಿಂದ ನಾ ಬಿಟ್ಟೆ."

ದೇವದುರ್ಗದ ಟಿಕೆಟ್ ಕೈಯಲ್ಲಿರುವಾಗಲೇ ಅವನು ಇಳಿದ. ಬಸ್ಸಿನ ಹಿಂದೆಯೇ ಬರುತ್ತಿದ್ದ ಬಿಳಿ ಕಾರು ಅವನನ್ನು ಹತ್ತಿಸಿಕೊಂಡು ರಾಯಚೂರಿನ ಕಡೆ ತಿರುಗಿತು. ಡ್ರೈವರು ಕನ್ನಡಿಯಲ್ಲಿ ಅವಳ ಮುಖ ನೋಡಿ, "ಸೀಟಿ ಹೊಡಿರಿ ಅಕ್ಕಾರ, ಹೊಂಡೂನು," ಎಂದ. ಅಲ್ಲಿಯವರೆಗೆ ಅವಳು ಸೀಟಿ ಊದುವುದನ್ನೇ ಮರೆತಿದ್ದಳು.

ಆಡಿದ ಮಾತಿಗೆ ಈರಯ್ಯ ತಪ್ಪಲಿಲ್ಲ. ಗುರುವಾರ ಹೈದರಾಬಾದಿನ ನಾಲ್ವರು ಆಟಗಾರರು ರೈಲು ಹತ್ತಿದರು. ವ್ಯಾನು ಮಿಲ್ಲಿನ ಒಳಗೆ ಹೋಯಿತು. ಲೀಗಿನವರಿಗೆ ಒಂದು ಕಾಗದ ಹೋಯಿತು: ತಂಡಕ್ಕೂ ನನಗೂ ಸಂಬಂಧವಿಲ್ಲ, ಹೆಸರು ಮೊದಲಿನಂತೆ ಇಟ್ಟುಕೊಳ್ಳಲಿ. ಆ ದಿನ ಗಂಜಿನ ಚಹದಂಗಡಿಗಳಲ್ಲಿ ಹಬ್ಬದಂತಿತ್ತು. ಹಮಾಲರು ಬೂದೆಪ್ಪನ ಮನೆಗೆ ಬಂದು ಮಗಳನ್ನು ಹೊಗಳಿ ಹೋದರು. ಶುಕ್ರವಾರ ಅದೇ ಹಮಾಲರು ಮತ್ತೆ ಬಂದರು. ಮುಂದಿನ ವಾರದ ಭಾನುವಾರ ದೇವದುರ್ಗದಲ್ಲಿ ಆಟ. ತಂಡ ಮೈದಾನಕ್ಕೆ ಇಳಿಯದಿದ್ದರೆ ಲೀಗಿನಿಂದಲೇ ಹೊರಗೆ. ಆಡಲು ಇರುವವರು ಏಳು ಮಂದಿ.

"ಅಕ್ಕಾ, ಈಗೇನು?" ಎಂದು ಅವರು ಕೇಳಿದರು.

ಮಾತಾಡುವಾಗ ಈ ಪ್ರಶ್ನೆ ಒಂದು ದಿನ ತನ್ನ ಬಾಗಿಲಿಗೆ ಬರುತ್ತದೆಂದು ಮಲ್ಲೇಶ್ವರಿ ಅಂದುಕೊಂಡಿರಲಿಲ್ಲ. ಮಾಲೀಕ ಹೋಗಬೇಕು ಎನ್ನುವಲ್ಲಿಗೆ ಅವಳ ವಿಚಾರ ಮುಗಿಯುತ್ತಿತ್ತು. ಹೋದ ಮೇಲಿನ ದಿನ ಹೇಗಿರುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ.

ಮೊದಲು ಹುಸೇನರ ಮನೆಗೆ ಹೋದಳು. ಅವರು ಅಂಗಳದಲ್ಲಿ ಕೂತು ಹಳೆಯ ಚೆಂಡಿನ ಹೊಲಿಗೆ ಬಿಗಿಯುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ, ದಾರವನ್ನು ಹಲ್ಲಿನಿಂದ ಕಡಿದರು.

"ಬೇಟಿ, ನಿನ್ನ ಬಾಯಿ ನಿಮ್ಮಪ್ಪನ ಕೈ ಇದ್ದಂಗ ಅದ. ಏನು ಬಂದ್ರೂ ಬಿಡಂಗಿಲ್ಲ." ಚೆಂಡನ್ನು ಅಂಗೈಯಲ್ಲಿ ಅಮುಕಿ ನೋಡಿ, "ಬರ್ತೀನಿ. ಆದ್ರ ಕನಕರಾಯ ಇಲ್ದ ನಾ ಏನೂ ಮಾಡಾಕಾಗಲ್ಲ. ಅವನ್ನ ಕರ್ಕೊಂಡು ಬಾ," ಎಂದರು.

ಶನಿವಾರ ಮಧ್ಯಾಹ್ನ ಡ್ಯೂಟಿ ಇಳಿದವಳು ಸಮವಸ್ತ್ರದಲ್ಲೇ ಕಲ್ಲೂರಿಗೆ ಹೋದಳು. ಊರ ಹೊರಗೆ ಯಾರದೋ ಮನೆ ಕಟ್ಟುವಲ್ಲಿ ಕನಕರಾಯ ಗೌಂಡಿಯ ಕೈಕೆಳಗೆ ಇಟ್ಟಿಗೆ ಹೊರುತ್ತಿದ್ದ. ಅವಳನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ.

"ಮಿಲ್ಲಿಗೆ ಯಾಕ ಹೋಗಿಲ್ಲಪಾ?"

"ಬ್ಯಾಡ ಅಂದ್ರು. ಯಮನೂರಪ್ಪ ಹೇಳಿದ, ಟೀಮಿನ ಮಂದಿಗೆ ಇನ್ನ ಕೆಲಸ ಇಲ್ಲ ಅಂತ." ಇಟ್ಟಿಗೆಗಳನ್ನು ಇಳಿಸಿ ಅವನು ಮೊದಲ ಸಲ ಅವಳ ಮುಖ ನೋಡಿದ. "ಅಕ್ಕಾ, ಮಾನ್ವ್ಯಾಗ ನನ್ನ ಹೊರಗ ಕುಂದ್ರಿಸಿದ್ರು. ಅದು ಒಂದು ಆಟ. ಮುಂದಿನ ಆಟಕ್ಕ ಕರೀತಿದ್ರು. ನೀವು ಬಸ್ಸಿನ್ಯಾಗ ಮಾತಾಡಿದ್ರಿ, ನನ್ನ ಕೆಲಸ ಹೋತು. ನಿಮ್ಮ ಕೆಲಸ ಸರ್ಕಾರದ್ದು, ನಿಮಗೇನು ಆಗಲ್ಲ."

ಅವನ ಹೆಂಡತಿ ಬಾಣಂತಿ ಎನ್ನುವುದು ಪಕ್ಕದವರ ಮಾತಿನಿಂದ ತಿಳಿಯಿತು. ಆಡಲು ಬಾ ಎಂದು ಕರೆಯಲು ಬಂದವಳು ಅದನ್ನು ಕೇಳದೆಯೇ ತಿರುಗಿದಳು. ರಸ್ತೆಗೆ ಬಂದು ನಿಂತರೆ ಬಸ್ಸು ಬರಲಿಲ್ಲ. ಕಾಯಲಾಗದೆ ರಾಯಚೂರಿನ ಕಡೆ ನಡೆಯತೊಡಗಿದಳು. ಎರಡು ಮೈಲಿ ನಡೆದ ಮೇಲೆ ಒಂದು ಟಂಟಂ ಆಟೋ ಸಿಕ್ಕಿತು.

ಅದೇ ಸಂಜೆ ಮಿಲ್ಲಿಗೆ ಹೋದಳು. ಒಳಗೆ ಮೆಷಿನುಗಳ ಗದ್ದಲ, ಗಾಳಿಯ ತುಂಬ ತೌಡಿನ ದೂಳು. ಈರಯ್ಯ ಆಫೀಸಿನಲ್ಲಿ ಅಂಗೈ ಮೇಲೆ ಅಕ್ಕಿ ಹರವಿಕೊಂಡು ನುಚ್ಚು ನೋಡುತ್ತಿದ್ದ. ಬಾಗಿಲಲ್ಲಿ ಯಮನೂರಪ್ಪ ನಿಂತಿದ್ದ.

"ಆತಲ್ಲ ನಿನ್ನ ಮನಸ್ಸಿನಂಗ. ಇನ್ನೇನು ಬೇಕು?" ಎಂದ ಈರಯ್ಯ.

"ಟೀಮಿನ ಮಾತಿಗೆ ಬಂದಿಲ್ರಿ. ಕನಕರಾಯನ ಕೆಲಸದ ಮಾತಿಗೆ ಬಂದೀನಿ."

"ಅವನ ಕೆಲಸಕ್ಕೇನಾಗ್ಯಾದ?"

ಅವಳು ಯಮನೂರಪ್ಪನ ಕಡೆ ನೋಡಿದಳು. ಈರಯ್ಯನೂ ನೋಡಿದ. ಯಮನೂರಪ್ಪ ತಲೆ ತಗ್ಗಿಸಿ, "ತಾವು ಬಿಟ್ಟೆ ಅಂದ್ರಲ್ರಿ ಯಜಮಾನ್ರ, ಅದಕ್ಕ ಟೀಮಿನ ಮೂರೂ ಮಂದಿಗೆ ಬ್ಯಾಡ ಅಂದೆ," ಎಂದ.

"ನಾ ಟೀಮು ಬಿಟ್ಟೆ ಅಂದೆ. ಮಂದಿ ಅನ್ನ ತೆಗಿ ಅಂದೆನಾ?"

ಈರಯ್ಯ ಅಂಗೈಯ ಅಕ್ಕಿಯನ್ನು ತಟ್ಟೆಗೆ ಸುರಿದು ಮಲ್ಲೇಶ್ವರಿಯ ಕಡೆ ತಿರುಗಿದ.

"ಬಸ್ಸಿನ್ಯಾಗ ಅಂದಿದ್ದು ತಪ್ಪಂತ ಈಗ ಒಪ್ಪಿದಂಗಾತೇನು?"

"ಇಲ್ರಿ. ಮಾತು ಖರೆನ. ಆದ್ರ ನನ್ನ ಮಾತಿನ ದಂಡ ಅವ ಕಟ್ಟಬಾರ್ದು. ಅದಕ್ಕ ಬಂದೀನಿ."

"ಸೋಮವಾರ ಬರಾಕ ಹೇಳು," ಎಂದ ಈರಯ್ಯ. "ಮೂರೂ ಮಂದಿಗೆ."

ಯಮನೂರಪ್ಪ ಮೆಲ್ಲಗೆ ಕೇಳಿದ, "ಅವರ ಟೀಮಿಗೆ ಆಡಿದ್ರೂನ್ರಿ?"

ಈರಯ್ಯ ತುಸು ಹೊತ್ತು ಗೋಡೆಯ ಮೇಲಿನ ತಾಯಿಯ ಫೋಟೊ ನೋಡಿದ. "ಐತಾರ ಮಿಲ್ಲಿಗೆ ರಜಾ ಅದ. ರಜಾದಾಗ ಯಾರೇನು ಮಾಡ್ತಾರ ನನಗೆ ಬ್ಯಾಡ."

ಹೊರಡುವಾಗ ಮಲ್ಲೇಶ್ವರಿ ಬಾಗಿಲಲ್ಲಿ ನಿಂತಳು. "ಮಂಗಳವಾರ ಹಮಾಲರ ಶೆಡ್ಡಿನ್ಯಾಗ ಟೀಮು ನಡಸಾಕ ಸದಸ್ಯರ ಹೆಸರು ಬರ್ಕೊಳ್ಳಾಕತ್ತೀವ್ರಿ. ಒಬ್ರಿಗೆ ಒಂದು ಓಟು. ನೀವೂ ಬರ್ರಿ."

"ಆರು ವರ್ಷ ಯಜಮಾನ ಇದ್ದವ, ಹಮಾಲನ ಬಾಜೂಕ ಕುಂತು ಕೈ ಎತ್ತಬೇಕೇನು?"

"ಹೂಂನ್ರಿ."

ಅವನು ಮತ್ತೆ ಅಕ್ಕಿಯ ತಟ್ಟೆ ಎಳೆದುಕೊಂಡ. ಮಂಗಳವಾರ ಬರಲಿಲ್ಲ.

ಶೆಡ್ಡಿನಲ್ಲಿ ನಲವತ್ತೊಂದು ಮಂದಿ ಹೆಸರು ಬರೆಸಿದರು. ಮಲ್ಲೇಶ್ವರಿಯನ್ನು ಕಾರ್ಯದರ್ಶಿ ಮಾಡಿದರು. ಬೇಡ ಎಂದರೆ ಕೇಳಲಿಲ್ಲ. ಮೊದಲು ಬಂದ ವಿಷಯ ಅಂಗಿಯದು. ಇಷ್ಟು ದಿನ ಕಾದಿದ್ದ ಮಾತನ್ನು ಅವಳು ಎದ್ದು ನಿಂತು ಆಡಿದಳು: ಗೋಣಿ ಬಣ್ಣ ವಾಪಸು ತರಬೇಕು, ಅದು ನಮ್ಮವರ ಬೆನ್ನಿನ ಬಣ್ಣ. ಕೆಲವರು ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬ ಹರೆಯದ ಹಮಾಲ ಎದ್ದ.

"ಅಕ್ಕಾ, ನಾ ನೋಡೂದು ಶುರು ಮಾಡಿದಾಗಿಂದ ಟೀಮು ಹಳದೀನ. ಹಳದ್ಯಾಗ ಕಪ್ ಗೆದ್ದೀವಿ. ಹಗಲೆಲ್ಲ ಗೋಣಿ ಹೊರ್ತೀವಿ, ಸಂಜಿಕ್ಕೂ ಅದಽ ಬಣ್ಣ ಯಾಕ?"

ಕೈ ಎತ್ತಿಸಿದರು. ಹಳದಿಗೆ ಇಪ್ಪತ್ತಮೂರು, ಗೋಣಿಗೆ ಹದಿನೆಂಟು. ಹಳದಿಗೆ ಎತ್ತಿದ ಕೈಗಳಲ್ಲಿ ಬೂದೆಪ್ಪನದೂ ಇತ್ತು. ಮನೆಗೆ ಬರುವ ದಾರಿಯಲ್ಲಿ ಅವಳು ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

"ಹಳದಿ ಅಂಗಿ ಕತ್ತಲಾದ್ರೂ ಗೋಲ್‌ಕೀಪರ್‌ಗೆ ಕಾಣಿಸ್ತಾವ," ಎಂದ ಬೂದೆಪ್ಪ, ತನ್ನಷ್ಟಕ್ಕೇ ಎಂಬಂತೆ. "ಗೋಣಿ ಅಂಗಿ ಮಣ್ಣಾಗ ಮಣ್ಣಾಗಿ ಹೋಗ್ತಿದ್ವು. ಎಷ್ಟು ಸಲ ನಮ್ಮವನಿಗೇ ಗುದ್ದೀನಿ ನಾನು."

ಅವಳಿಗೆ ಸಿಟ್ಟಿನ ನಡುವೆಯೂ ನಗು ಬಂತು. ಮಂದಿಯ ತಂಡ ಎಂದು ಗಂಟಲು ಹರಿದುಕೊಂಡವಳು ತಾನು. ಮಂದಿ ಎಂದರೆ ತಾನು ಹೇಳಿದ್ದಕ್ಕೆ ತಲೆಯಾಡಿಸುವವರು ಎಂದುಕೊಂಡಿದ್ದಳೋ ಏನೋ. ಶನಿವಾರದವರೆಗೆ ಕೂತು ಹಳೆಯ ಅಂಗಿಗಳ ಎದೆಯ ಮೇಲಿನ ಅಕ್ಷರಗಳ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಿದಳು. ಅಕ್ಷರ ಹೋದರೂ ಅದರ ಗುರುತು ಕಡುಹಳದಿಯಾಗಿ ಉಳಿಯಿತು.

ದೇವದುರ್ಗದ ಮೈದಾನಕ್ಕೆ ತಂಡ ಟೆಂಪೋದಲ್ಲಿ ಬಂತು. ಹನ್ನೊಂದು ಮಂದಿಯಲ್ಲಿ ಐವರು ಹಮಾಲರು, ಇಬ್ಬರು ಕಾಲೇಜಿನವರು, ಗೋಲಿನಲ್ಲಿ ಒಬ್ಬ ಆಟೋ ಡ್ರೈವರು, ಮಿಲ್ಲಿನ ಮೂವರು. ಕನಕರಾಯ ಬಂದಿದ್ದ. ಅವಳಿಗೆ ನಮಸ್ಕಾರ ಮಾಡಿದ, ನಗಲಿಲ್ಲ. ಅಷ್ಟೇ ಸಾಕೆಂದು ಅವಳು ಅಂದುಕೊಂಡಳು.

ಆಟ ಶುರುವಾಗಿ ಕಾಲು ಗಂಟೆಯಲ್ಲಿ ದೇವದುರ್ಗದವರು ಗಂಜಿನವರ ಎಡಗಡೆಯಿಂದ ನುಗ್ಗಿ ಗೋಲು ಹೊಡೆದರು. ಮತ್ತೆ ಎಡಗಡೆಯಿಂದಲೇ ಎರಡನೆಯದು. ಎಡಗಡೆ ಕಾಯುತ್ತಿದ್ದ ಹಮಾಲ ಬಲಗಾಲಿನವನು. ತಿರುಗಿ ಒದೆಯುವ ಹೊತ್ತಿಗೆ ಎದುರಾಳಿ ದಾಟಿಹೋಗುತ್ತಿದ್ದ. ಮಲ್ಲೇಶ್ವರಿ ಗೆರೆಯ ಗುಂಟ ಆ ತುದಿಯಿಂದ ಈ ತುದಿಗೆ ತಿರುಗಿದಳು. ಯಾರನ್ನಾದರೂ ಬೈಯಬೇಕು ಎನ್ನಿಸಿ ಬಾಯಿ ತೆರೆದರೆ ಬೈಯಲು ಯಾರೂ ಇರಲಿಲ್ಲ. ಈ ಹನ್ನೊಂದು ಮಂದಿಯನ್ನು ಮನೆ ಮನೆಗೆ ಹೋಗಿ ಕರೆತಂದವಳು ಅವಳೇ. ಸೋಲು ಇಷ್ಟು ಹತ್ತಿರ ಬಂದು ಕುಳಿತದ್ದು ಅವಳಿಗೆ ಇದೇ ಮೊದಲು.

ಎರಡನೇ ಅರ್ಧದಲ್ಲಿ ಅವಳು ಗೋಲಿನ ಹಿಂದಕ್ಕೆ ಬಂದಾಗ, ಕಟ್ಟಿದ ಹಗ್ಗದ ಆಚೆ ಮಂದಿಯ ನಡುವೆ ಬಿಳಿ ಅಂಗಿಯೊಂದು ಕಂಡಿತು. ಈರಯ್ಯ. ಕಾರು ಎಲ್ಲಿಯೂ ಕಾಣಲಿಲ್ಲ. ಅವನೂ ಒಂದು ಕಡೆ ನಿಂತಿರಲಿಲ್ಲ. ಬೆವರಿನಿಂದ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಅವಳನ್ನು ಕಂಡವನೇ ಕೈ ಮಾಡಿ ಕೂಗಿದ:

"ಎಡಗಡೆ ಖಾಲಿ ಅದ. ಕಾಣಂಗಿಲ್ಲೇನು ನಿಮಗ? ಹೇಳು ಹುಸೇನ್‌ಗ."

ಮಾತು ಸರಿ ಇತ್ತು. ಸರಿ ಇದ್ದದ್ದೇ ಅವಳಿಗೆ ಕಷ್ಟವಾಯಿತು. ಹೇಳದೆ ಬಿಟ್ಟರೆ ಸೋಲು ತನ್ನದು, ಹೇಳಿದರೆ ಮಾಲೀಕನ ಮಾತು ಒಯ್ದವಳು ತಾನು. ಎರಡು ಹೆಜ್ಜೆ ಮುಂದಿಟ್ಟಳು, ನಿಂತಳು, ಮತ್ತೆ ಓಡಿದಳು.

"ಚಾಚಾ, ಎಡಗಡೆ."

"ಗೊತ್ತದ ಬೇಟಿ," ಎಂದರು ಹುಸೇನರು, ಮೈದಾನದಿಂದ ಕಣ್ಣು ತೆಗೆಯದೆ. "ಯಾರನ್ನ ಹಾಕ್ಲಿ? ಎಡಗಾಲಿನವ ನಮ್ಮಲ್ಲಿ ಒಬ್ಬನೂ ಇಲ್ಲ."

ಆದರೂ ಅವರು ಕಾಲೇಜಿನ ಹುಡುಗನೊಬ್ಬನನ್ನು ಎಡಕ್ಕೆ ಎಳೆದು ನಿಲ್ಲಿಸಿದರು. ಮೂರನೇ ಗೋಲು ಬೀಳಲಿಲ್ಲ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಒಂದು ಕಾರ್ನರ್ ಸಿಕ್ಕಿತು. ಚೆಂಡು ಯಾರದೋ ಮೊಣಕಾಲಿಗೆ ಬಡಿದು ಮೇಲೆದ್ದಿತು, ಕನಕರಾಯ ಹಾರಿ ತಲೆ ಕೊಟ್ಟ. ಬಲೆ ಅಲುಗಿತು. ಮಲ್ಲೇಶ್ವರಿ ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸಿನ ಕೈ ಹಿಡಿದು ಜಗ್ಗಾಡಿದಳು. ಆಕೆ ದೇವದುರ್ಗದವಳು. ಹಗ್ಗದಾಚೆ ಈರಯ್ಯ ಎರಡೂ ಕೈ ಮೇಲೆತ್ತಿದ್ದ. ಪಕ್ಕದವರು ನೋಡುತ್ತಿರುವುದು ಅರಿವಾಗಿ ಇಳಿಸಿದ.

ಎರಡು–ಒಂದಕ್ಕೆ ಸೋತರು. ಆದರೆ ಆಡಿದ್ದರಿಂದ ಲೀಗಿನಲ್ಲಿ ಉಳಿದರು, ಪಟ್ಟಿಯ ಕೊನೆಯಲ್ಲಿ.

ಮಂದಿ ಕರಗುವಾಗ ಈರಯ್ಯ ಹಗ್ಗ ದಾಟಿ ನೇರವಾಗಿ ಹುಸೇನರ ಹತ್ತಿರ ಬಂದ. ಕ್ಷಮೆ ಕೇಳುತ್ತಾನೇನೋ ಎಂದು ಮಲ್ಲೇಶ್ವರಿ ಕಾದಳು. ಅವನು ಕೇಳಿದ್ದು, ಆ ಹುಡುಗನನ್ನು ಮೊದಲೇ ಎಡಕ್ಕೆ ಯಾಕೆ ಹಾಕಲಿಲ್ಲ ಎಂದು. ಹುಸೇನರ ದನಿಯೂ ಏರಿತು. ಇಬ್ಬರು ಮುದುಕರು ಬರಿದಾದ ಮೈದಾನದಲ್ಲಿ ನಿಂತು, ಕೈ ಬೀಸಿ ಬೀಸಿ ಜಗಳಾಡಿದರು. ಮಾಲೀಕನೂ ನೌಕರನೂ ಹೀಗೆ ಜಗಳಾಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಬಿಡಿಸಲು ಹೋಗಲಿಲ್ಲ.

ಕೊನೆಗೆ ಈರಯ್ಯ ಅವಳ ಕಡೆ ತಿರುಗಿದ. "ಮುಂದಿನ ಆಟ ಯಾವಾಗ?"

"ಬರೂ ಐತಾರ. ರಾಯಚೂರಾಗ, ಸಿಂಧನೂರಿನವ್ರ ಮ್ಯಾಲ."

ಬರುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಧೋತರ ಕೊಡವಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಟೆಂಪೋದ ಬಳಿ ಆಟಗಾರರು ಆಗಲೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು. ಹಮಾಲರಲ್ಲಿ ಒಬ್ಬ, ಕಾರ್ಯದರ್ಶಿ ಏನು ಹೇಳುತ್ತಾರೆ, ಎಂದು ಕೇಳಿದ. ಮಲ್ಲೇಶ್ವರಿಗೆ ಹೇಳಲು ಇದ್ದದ್ದು ಒಂದೇ ಪ್ರಶ್ನೆ.

"ಎಡಗಾಲಿಲೆ ಆಡೋರು ಯಾರಾದ್ರೂ ಗೊತ್ತದಾರೇನು?"

ಟೆಂಪೋದೊಳಗೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಬೂದೆಪ್ಪ ತಲೆಯೆತ್ತಿದ.

"ಗೂಗಲ್ ಊರಾಗ ನಮ್ಮ ಬಳಗದ ಪಕೀರಮ್ಮನ ಮಗ ತಿರುಪತಿ ಎಡಚ. ಹೊಳಿ ದಂಡ್ಯಾಗ ಆಡ್ತಿರ್ತಾನ. ಹೆಂಗ ಆಡ್ತಾನೋ ಗೊತ್ತಿಲ್ಲ. ಒದ್ದ ಚೆಂಡು ಮಾತ್ರ ನೀರಿಗೇ ಬೀಳ್ತದ ಅಂತಾರ."

"ಫೋನ್ ನಂಬರ್ ಅದನಾ?"

"ಎಲ್ಲೀದು. ಹೋದ್ರ ಸಿಗ್ತಾನ."

ಮಲ್ಲೇಶ್ವರಿ ಗಡಿಯಾರ ನೋಡಿದಳು. ಗೂಗಲ್ ಕಡೆಯ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಬೆಳಿಗ್ಗೆ ಏಳೂಕಾಲಿಗೆ ಮತ್ತೆ ಡ್ಯೂಟಿ. ಅಷ್ಟರೊಳಗೆ ಹೋಗಿ ಬರಬಹುದು, ಬರದೆಯೂ ಇರಬಹುದು. ಅಪ್ಪನನ್ನು ಮನೆಯ ಬಾಗಿಲಿನ ತನಕ ಬಿಡಬೇಕೆಂದು ಕನಕರಾಯನಿಗೆ ಹೇಳಿದಳು. ಅವನು ಹೂಂ ಎಂದು, ಬೂದೆಪ್ಪನ ಪಕ್ಕದಲ್ಲಿ ಹತ್ತಿ ಕೂತು, "ಜಲ್ದಿ ಹೋಗ್ರಿ ಅಕ್ಕಾ, ಬಸ್ಸು ತಪ್ತದ," ಎಂದ. ಅವಳು ಚಪ್ಪಲಿಯ ದೂಳು ಕೊಡವಿ, ಬಸ್ ಸ್ಟ್ಯಾಂಡಿನತ್ತ ಬಿರುಸಾಗಿ ನಡೆದಳು.